ಕಲ್ಲಿನ ಮೇಲಿಲ್ಲದ 450

ನಮ್ಮ ಬಡಾವಣೆಯ ಕನ್ನಡ ಸಂಘದವರು ಪ್ರತಿ ರಾಜ್ಯೋತ್ಸವಕ್ಕೂ ಒಂದು ಸ್ಮರಣ ಸಂಚಿಕೆ ತರುತ್ತಾರೆ. ಒಂದು ವರ್ಷ ಕನ್ನಡದ ಹಳಮೆಯ ಬಗ್ಗೆ ಒಂದು ಪುಟ ಬರೆದುಕೊಡಿ ಎಂದು ನನ್ನನ್ನು ಕೇಳಿದರು. ಬೇಲೂರು ಸೀಮೆ ನನ್ನ ತವರು. ಹಲ್ಮಿಡಿಯ ಹೆಸರು ಕೇಳುತ್ತಲೇ ಬೆಳೆದವಳು ನಾನು. ಹಾಗಾಗಿ ಯೋಚನೆಯೇ ಇಲ್ಲದೆ ಶುರು ಮಾಡಿದೆ: "ಕ್ರಿ.ಶ. 450ರಲ್ಲಿ ಕೆತ್ತಿಸಿದ ಹಲ್ಮಿಡಿ ಶಾಸನವು ಕನ್ನಡದ ಮೊಟ್ಟಮೊದಲ ಶಾಸನ."

ಕರಡನ್ನು ನನ್ನ ಹೈಸ್ಕೂಲು ಮೇಷ್ಟ್ರಿಗೆ ಕಳಿಸಿದೆ. ಅವರು ಫೋನಿನಲ್ಲಿ ಓದುವವರಲ್ಲ, ಪ್ರಿಂಟ್ ತೆಗೆಸಿ ಪೆನ್ಸಿಲ್ ಹಿಡಿದು ಕೂರುವವರು. ವಾರದ ನಂತರ ಹಾಳೆ ವಾಪಸ್ ಬಂತು. ಒತ್ತು, ದೀರ್ಘಗಳನ್ನೆಲ್ಲ ತಿದ್ದಿದ್ದರು. 450ಕ್ಕೆ ಮಾತ್ರ ಸುತ್ತು ಹಾಕಿ ಪಕ್ಕದಲ್ಲಿ ಸಣ್ಣಗೆ ಬರೆದಿದ್ದರು: "ಎಲ್ಲಿ ಬರೆದಿದೆ? ತೋರಿಸು."

ಫೋನ್ ಮಾಡಿದೆ. "ಶಾಸನದಲ್ಲೇ ಇದೆಯಲ್ಲ, ಸರ್."

"ಇರೋದು ಹದಿನಾರು ಸಾಲಮ್ಮ. ಯಾವ ಸಾಲಲ್ಲಿದೆ, ಓದಿ ಹೇಳು."

ಆವತ್ತು ರಾತ್ರಿ ಹದಿನಾರೂ ಸಾಲು ಓದಿದೆ, ಬಹುಶಃ ಬದುಕಿನಲ್ಲಿ ಮೊದಲ ಸಲ ಪೂರ್ತಿಯಾಗಿ. ಅಚ್ಯುತನ ಸ್ತುತಿ ಇದೆ. ಕದಂಬರ ಮಾತಿದೆ. 'ಕಾಕುಸ್ಥ ಭಟ್ಟೋರನ್' ಆಳುತ್ತಿದ್ದಾಗ ಎಂದಿದೆ. ಕೇಕಯ ಪಲ್ಲವರ ಮೇಲೆ ಕಾದಿ ಗೆದ್ದ ವಿಜ ಅರಸನಿಗೆ 'ಬಾಳ್ಗಳ್ಚು' ಎಂದು, ಅಂದರೆ ಕತ್ತಿ ತೊಳೆಯುವ ಗೌರವವಾಗಿ, ಪಲ್ಮಡಿ ಮತ್ತು ಮೂಳಿವಳ್ಳಿ ಎಂಬ ಊರುಗಳನ್ನು ಕೊಟ್ಟ ಸಂಗತಿ ಇದೆ. ಆ ಪಲ್ಮಡಿಯೇ ಇಂದಿನ ಹಲ್ಮಿಡಿ. ಶಕವರ್ಷ ಇಲ್ಲ. ಸಂವತ್ಸರ ಇಲ್ಲ. ಇಂಥ ಅರಸನ ಇಂತಿಷ್ಟನೆಯ ವರ್ಷ ಎಂಬ ಮಾತೂ ಇಲ್ಲ. ಇಡೀ ಶಾಸನದಲ್ಲಿ ಕಾಲ ಹೇಳುವ ಒಂದು ಅಂಕಿಯೂ ಇಲ್ಲ.

ಮೂರನೆಯ ತರಗತಿಯಿಂದ ಬಾಯಿಪಾಠ ಮಾಡಿಕೊಂಡು ಬಂದ, ಪರೀಕ್ಷೆಯಲ್ಲಿ ಬರೆದು ಅಂಕ ಪಡೆದ ಸಂಖ್ಯೆ ಕಲ್ಲಿನ ಮೇಲಿಲ್ಲ ಎಂದಾಗ ನನಗೆ ಏನೋ ಕಳೆದುಕೊಂಡಂತಾಯಿತು. ಹಾಗಾದರೆ ಅದು ಬಂದಿದ್ದು ಎಲ್ಲಿಂದ?

ಮನೆಯಲ್ಲಿದ್ದ ಪುಸ್ತಕಗಳನ್ನೆಲ್ಲ ತೆಗೆದೆ. ಒಂದರಲ್ಲಿ 450 ಎಂದಿತ್ತು, ಅಡಿಟಿಪ್ಪಣಿ ಇರಲಿಲ್ಲ. ಇನ್ನೊಂದರಲ್ಲಿ ಅಡಿಟಿಪ್ಪಣಿ ಇತ್ತು, ಅದು ಬೇರೊಂದು ಪುಸ್ತಕದ ಕಡೆ ಕೈ ತೋರಿಸುತ್ತಿತ್ತು. ಆ ಪುಸ್ತಕವನ್ನು ಗೆಳತಿಯೊಬ್ಬಳ ಹತ್ತಿರ ಇಸಿದುಕೊಂಡು ನೋಡಿದರೆ ಅದರಲ್ಲಿ "ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ" ಎಂದಷ್ಟೇ ಇತ್ತು. ಯಾವ ವಿದ್ವಾಂಸರು? ನಾಲ್ಕೈದು ಪುಸ್ತಕಗಳು ಒಂದನ್ನೊಂದು ನೋಡಿ ಬರೆದಂತಿದ್ದವು. ಐದು ಕಡೆ ಇದೆ ಎಂದ ಮಾತ್ರಕ್ಕೆ ಐದು ಸಾಕ್ಷಿ ಇದ್ದ ಹಾಗಲ್ಲ, ಒಂದೇ ಸಾಕ್ಷಿಯನ್ನು ಐದು ಸಲ ಕೂಗಿ ಕರೆದ ಹಾಗೆ ಎಂಬುದು ಆಗ ಅರಿವಾಯಿತು. ಕೊನೆಗೊಂದು ಹಳೆಯ ಲೇಖನದ ಅಡಿಯಲ್ಲಿ ಮೂಲದ ಸುಳಿವು ಸಿಕ್ಕಿತು: ಎಂ.ಎ.ಆರ್. 1936.

ಎಂ.ಎ.ಆರ್. ಅಂದರೆ ಮೈಸೂರು ಪುರಾತತ್ತ್ವ ಇಲಾಖೆಯ ವಾರ್ಷಿಕ ವರದಿ. ಮಹಾರಾಜರ ಕಾಲದಲ್ಲಿ ಇಲಾಖೆಯವರು ಆ ವರ್ಷ ಎಲ್ಲೆಲ್ಲಿ ತಿರುಗಿದರು, ಯಾವ ಗುಡಿ ನೋಡಿದರು, ಯಾವ ಹೊಸ ಶಾಸನ ಸಿಕ್ಕಿತು ಎಂಬುದನ್ನೆಲ್ಲ ಇಂಗ್ಲಿಷಿನಲ್ಲಿ ಅಚ್ಚು ಮಾಡಿಸುತ್ತಿದ್ದರು. ಹಲ್ಮಿಡಿಯ ಕಲ್ಲನ್ನು 1936ರಲ್ಲಿ ಬೆಳಕಿಗೆ ತಂದವರು ಆಗ ಇಲಾಖೆಯ ನಿರ್ದೇಶಕರಾಗಿದ್ದ ಎಂ.ಎಚ್. ಕೃಷ್ಣ. ಅಂದರೆ ಈ ವರದಿಯೇ ತವರುಮನೆ. ಉಳಿದೆಲ್ಲ ಪುಸ್ತಕಗಳು ಅಲ್ಲಿಂದ ಹೊರಟವು.

ಹುಡುಕಲು ಹೊರಟಾಗ ಗೊತ್ತಾಯಿತು, ಇಂಥ ವರದಿಗಳು ಇಲ್ಲ ಅಂತಲ್ಲ, ಇದ್ದೂ ಸಿಗುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಸೇರಿ ನಡೆಸಿದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಲಕ್ಷಗಟ್ಟಲೆ ಪುಸ್ತಕಗಳು ಸ್ಕ್ಯಾನ್ ಆದವು. ಆ ತಾಣ ನಿಂತುಹೋದರೂ ಸ್ಕ್ಯಾನುಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಉಳಿದಿವೆ. ಆ ಕೆಲಸ ಆಗಿರದಿದ್ದರೆ ನನ್ನಂಥವಳು ಮನೆಯಲ್ಲಿ ಕೂತು ಇದನ್ನೆಲ್ಲ ನೋಡುವ ಮಾತೇ ಇರಲಿಲ್ಲ, ಅದಕ್ಕೆ ಎಷ್ಟು ಕೃತಜ್ಞತೆ ಹೇಳಿದರೂ ಕಡಿಮೆ. ಆದರೆ ಹೆಸರು ನಮೂದಿಸಿದವರು ಕನ್ನಡ ಬಾರದವರಿರಬೇಕು. ಕನ್ನಡ ಪುಸ್ತಕಗಳ ಹೆಸರನ್ನು ರೋಮನ್ ಅಕ್ಷರದಲ್ಲಿ ಕಿವಿಗೆ ಕೇಳಿದಂತೆ ಬರೆದಿದ್ದಾರೆ. ಎಷ್ಟೋ ಕಡೆ ಸಂಪುಟದ ಸಂಖ್ಯೆಯೇ ಇಲ್ಲ, ವರ್ಷದ ಜಾಗದಲ್ಲಿ ಇನ್ನೇನೋ ಇದೆ. ಸಂಚಯ ತಂಡದವರು ಇಂಥ ಕನ್ನಡ ಪುಸ್ತಕಗಳನ್ನು ಕನ್ನಡದಲ್ಲೇ ಹುಡುಕುವ ಹಾಗೆ 'ಪುಸ್ತಕ ಸಂಚಯ' ಎಂಬ ತಾಣ ಮಾಡಿದ್ದು ಇದೇ ಕಷ್ಟ ನೋಡಿ. ಇಂಗ್ಲಿಷ್ ವರದಿಗಳದ್ದು ಇನ್ನೊಂದು ಪಾಡು. ಆ ಕಾಲದವರು ದೀರ್ಘ ಸ್ವರ ತೋರಿಸಲು ಅಕ್ಷರದ ತಲೆಯ ಮೇಲೆ ಗೆರೆಯನ್ನೋ ಟೋಪಿಯನ್ನೋ ಹಾಕುತ್ತಿದ್ದರು. ಪುಟವನ್ನು ಓದುವ ಯಂತ್ರಕ್ಕೆ ಆ ಟೋಪಿ ಅರ್ಥವಾಗದೆ ಕಾಕುಸ್ಥ ಏನೇನೋ ಆಗಿರುತ್ತಾನೆ. ಹುಡುಕಿದರೆ 'ಇಲ್ಲ' ಎಂದು ಬರುತ್ತದೆ. ಆ 'ಇಲ್ಲ'ವನ್ನು ನಾನೀಗ ನಂಬುವುದಿಲ್ಲ. ಪುಟ ಪುಟ ತಿರುಗಿಸಿ ನೋಡುತ್ತೇನೆ.

ಹಾಗೆ ತಿರುಗಿಸುತ್ತ ತಿರುಗಿಸುತ್ತ ಒಂದು ರಾತ್ರಿ ಆ ವರ್ಷದ ವರದಿಯ ಸ್ಕ್ಯಾನ್ ಸಿಕ್ಕಿತು. ಶಾಸನದ ಪಾಠ ಇತ್ತು. ಅದರ ಪಕ್ಕ ಇರಬೇಕಾದ ಪಡಿಯಚ್ಚಿನ ಚಿತ್ರದ ಹಾಳೆ ಮಾತ್ರ ಮಡಚಿಕೊಂಡೇ ಸ್ಕ್ಯಾನ್ ಆಗಿತ್ತು. ಅರ್ಧ ಕಪ್ಪು, ಅರ್ಧ ಖಾಲಿ ಬಿಳಿ, ಅಂಚಿನಲ್ಲಿ ಯಾರದೋ ಹೆಬ್ಬೆರಳು.

ಚಿತ್ರ ಏಕೆ ಬೇಕಿತ್ತು ಎಂದರೆ, ವಾದ ನಿಂತಿರುವುದೇ ಅಕ್ಷರದ ಆಕಾರದ ಮೇಲೆ. ಪಡಿಯಚ್ಚು ತೆಗೆಯುವುದನ್ನು ಒಮ್ಮೆ ಹತ್ತಿರದಿಂದ ನೋಡಿದ್ದೇನೆ. ಮೊದಲು ಕಲ್ಲನ್ನು ಬ್ರಷ್ಷಿನಿಂದ ಚೆನ್ನಾಗಿ ಉಜ್ಜಿ ತೊಳೆಯುತ್ತಾರೆ, ಅಕ್ಷರದ ಸಂದಿಯ ಮಣ್ಣು ಪಾಚಿ ಎಲ್ಲ ಹೋಗಬೇಕು. ಆಮೇಲೆ ಒದ್ದೆ ಕಾಗದ ಹಾಸಿ, ಗಾಳಿಗುಳ್ಳೆ ಇಲ್ಲದಂತೆ ಒತ್ತಿ, ದಪ್ಪ ಬ್ರಷ್ಷಿನಿಂದ ಹದವಾಗಿ ಬಡಿಯುತ್ತಾರೆ. ಕಾಗದ ಅಕ್ಷರದ ಒಳಕ್ಕೆ ಇಳಿಯುತ್ತದೆ. ಸ್ವಲ್ಪ ಆರಿದ ಮೇಲೆ ಬಟ್ಟೆಯ ಉಂಡೆಗೆ ಮಸಿ ಸವರಿಕೊಂಡು ಮೇಲೆ ಮೇಲೆ ತಟ್ಟುತ್ತ ಹೋಗುತ್ತಾರೆ. ಉಬ್ಬಿದ ಕಡೆಯೆಲ್ಲ ಕಪ್ಪಾಗುತ್ತದೆ, ತಗ್ಗಿಗೆ ಮಸಿ ತಾಗುವುದಿಲ್ಲ, ಅಕ್ಷರ ಬೆಳ್ಳಗೆ ಎದ್ದು ಬರುತ್ತದೆ. ಆದರೆ ಕಲ್ಲಿನ ಬಿರುಕೂ ಬೆಳ್ಳಗೇ ಬರುತ್ತದೆ. ಚಕ್ಕೆ ಎದ್ದ ಜಾಗವೂ ಬೆಳ್ಳಗೇ. ಯಾವುದು ಉಳಿಯ ಗೆರೆ, ಯಾವುದು ಕಾಲದ ಗೆರೆ ಎಂದು ತೀರ್ಮಾನಿಸುವವರು ಓದುವ ವಿದ್ವಾಂಸರು. ಹಲ್ಮಿಡಿ ಶಾಸನದ ಪಾಠದಲ್ಲಿ ಅಲ್ಲಲ್ಲಿ ಚೌಕ ಕಂಸ ಕಾಣುತ್ತದಲ್ಲ, ಅದು 'ಇಲ್ಲಿ ಕಲ್ಲು ಸ್ಪಷ್ಟವಿಲ್ಲ, ನಾನು ಹೀಗೆ ಊಹಿಸಿದ್ದೇನೆ' ಎಂದು ಓದಿದವರು ಕೊಡುವ ಮುನ್ನೆಚ್ಚರಿಕೆ. ನಮ್ಮ ಕೈಗೆ ಬರುವ ಹೊತ್ತಿಗೆ ಎಷ್ಟೋ ಪುಸ್ತಕಗಳಲ್ಲಿ ಆ ಕಂಸಗಳು ಉದುರಿಹೋಗಿರುತ್ತವೆ.

ಅಚ್ಚಿನ ಪ್ರತಿಗಾಗಿ ಗ್ರಂಥಾಲಯಗಳ ಸುತ್ತಾಟ ಶುರುವಾಯಿತು. ಒಂದು ಕಡೆ ಪಟ್ಟಿಯಲ್ಲಿ ಇತ್ತು, ಕಪಾಟಿನಲ್ಲಿ ಇರಲಿಲ್ಲ. ಇನ್ನೊಂದು ಕಡೆ ಕಪಾಟಿನಲ್ಲಿ ಇತ್ತು, ಬೀಗದ ಕೈ ಇದ್ದವರು ರಜೆಯಲ್ಲಿದ್ದರು. ಮೂರನೆಯ ಕಡೆ ಹೋದಾಗ ಅಟೆಂಡರ್ ಒಬ್ಬರು ನನ್ನ ಚೀಟಿ ನೋಡಿ, "1936ರದ್ದು ಅಂತ ಕೇಳಬೇಡಿ ಮೇಡಂ, ವರದಿಯ ವರ್ಷ ಬೇರೆ, ಅಚ್ಚಾದ ವರ್ಷ ಬೇರೆ. ಬೆನ್ನ ಮೇಲೆ ಅಚ್ಚಾದ ವರ್ಷ ಬರೆದಿರ್ತಾರೆ" ಎಂದು ಹೇಳಿ, ನಾನು ಎರಡು ಸಲ ಕಣ್ಣಾಡಿಸಿ ಬಿಟ್ಟಿದ್ದ ಸಾಲಿನಿಂದಲೇ ಅದನ್ನು ಎತ್ತಿಕೊಟ್ಟರು. ಮೂವತ್ತು ವರ್ಷ ಧೂಳಿನಲ್ಲಿ ಕೆಲಸ ಮಾಡಿದವರ ಈ ತಿಳಿವಳಿಕೆ ಯಾವ ಕೆಟಲಾಗಿನಲ್ಲೂ ಇಲ್ಲ. ನನ್ನ ಪಟ್ಟಿಯಲ್ಲಿ ಅವರೂ ಒಂದು ಆಕರ.

ಚಿತ್ರ ನೋಡಿದೆ. ಕಪ್ಪು ನೆಲದ ಮೇಲೆ ಬಿಳಿ ಅಕ್ಷರ, ಒಂದೊಂದು ಒಂದೊಂದು ಅಳತೆ. ಕಾಲದ ವಿಚಾರಕ್ಕೆ ಬಂದಾಗ 450 ನಿಂತಿರುವುದು ಎರಡು ಕಾಲಿನ ಮೇಲೆ ಎಂಬುದು ಸ್ಪಷ್ಟವಾಯಿತು. ಒಂದು, ಲಿಪಿಯ ರೂಪ. ಇನ್ನೊಂದು, ಈ ಕಾಕುಸ್ಥ ಬನವಾಸಿಯ ಕದಂಬ ದೊರೆ ಕಾಕುಸ್ಥವರ್ಮನೇ ಎಂಬ ಹೊಂದಿಕೆ. ಅಂದರೆ ಅದು 'ಸುಮಾರು 450'. ಆ 'ಸುಮಾರು' ಎಂಬ ಪದದೊಳಗೆ ಒಬ್ಬ ವಿದ್ವಾಂಸನ ಹಲವಾರು ವರ್ಷಗಳ ಅಭ್ಯಾಸ ಇದೆ. ಶಾಲೆಯ ಪುಸ್ತಕಕ್ಕೆ ಬರುವ ದಾರಿಯಲ್ಲಿ ಯಾರೋ ಅದನ್ನು ಕೈಬಿಟ್ಟರು. ಸಂಚಿಕೆಗೆ ಬರೆಯುವಾಗ ನಾನು 'ರಲ್ಲಿ ಕೆತ್ತಿಸಿದ' ಎಂದು ಸೇರಿಸಿ ಅದಕ್ಕೆ ಮೊಳೆ ಹೊಡೆದಿದ್ದೆ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಕಾಕುಸ್ಥನ ಕಾಲ ಗೊತ್ತಾಗಿದ್ದು ಹೇಗೆ ಎಂಬ ಹುಳ ಹೊಕ್ಕಿತು. ಕಾಕುಸ್ಥವರ್ಮನ ಬಗ್ಗೆ ನಮಗೆ ಹೆಚ್ಚು ತಿಳಿಸುವುದು ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಶಾಸನ. ಅದರ ಉಲ್ಲೇಖ ಎಲ್ಲ ಕಡೆ ಒಂದೇ: ಎಪಿಗ್ರಾಫಿಯಾ ಕರ್ನಾಟಿಕಾ (ತಾಲ್ಲೂಕುವಾರು ಶಾಸನ ಸಂಪುಟಗಳ ಮಾಲೆ), ಸಂಪುಟ 7, ಶಿಕಾರಿಪುರ 176. ಸುಲಭ ಅನ್ನಿಸಿತು. ಗ್ರಂಥಾಲಯದಲ್ಲಿ ಸಂಪುಟ 7 ಕೇಳಿದೆ, ಕೊಟ್ಟರು. ತೆಗೆದರೆ ನಾಗಮಂಗಲ, ಮದ್ದೂರು, ಮಳವಳ್ಳಿ! ಶಿಕಾರಿಪುರದ ಸುಳಿವೇ ಇಲ್ಲ.

ಈ ವಿಷಯ ಗೊತ್ತಿಲ್ಲದೆ ನಾನು ಕಳೆದುಕೊಂಡ ಮಧ್ಯಾಹ್ನಗಳನ್ನು ಇನ್ನೊಬ್ಬರು ಕಳೆದುಕೊಳ್ಳಬಾರದು ಎಂದು ಇದನ್ನು ವಿವರವಾಗಿ ಬರೆಯುತ್ತೇನೆ. ಬಿ.ಎಲ್. ರೈಸ್ 1886ರಿಂದ 1905ರವರೆಗೆ ತಂದ ಮೊದಲ ಮಾಲೆಯಲ್ಲಿ ಹನ್ನೆರಡು ಸಂಪುಟ. ಅದರಲ್ಲಿ 7 ಮತ್ತು 8 ಶಿವಮೊಗ್ಗ ಜಿಲ್ಲೆ, 5 ಹಾಸನ. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಪರಿಷ್ಕೃತ ಮಾಲೆ ತರತೊಡಗಿದಾಗ ತಾಲ್ಲೂಕುಗಳನ್ನು ಹೊಸದಾಗಿ ಹಂಚಿತು, ಶಾಸನಗಳ ಸಂಖ್ಯೆಯೂ ಹೊಸದಾಯಿತು. ಅದರಲ್ಲಿ 7 ಮಂಡ್ಯದ್ದು, ಬೇಲೂರು 9ಕ್ಕೆ ಹೋಗಿದೆ. ಶ್ರವಣಬೆಳಗೊಳದ್ದಂತೂ ಮೂರು ರೂಪಗಳಿವೆ: ರೈಸ್ ಅವರ 1889ರದ್ದು, ಆರ್. ನರಸಿಂಹಾಚಾರ್ಯರು ತುಂಬ ಹಿಗ್ಗಿಸಿ ತಂದ 1923ರದ್ದು, ಆಮೇಲೆ 1973ರದ್ದು. ಬರೆದವರು ಯಾವ ಆವೃತ್ತಿ ಎಂದು ಹೇಳದೆ 'ಸಂಪುಟ 2, ಸಂಖ್ಯೆ ಇಷ್ಟು' ಎಂದರೆ ಓದುವವರು ಬೇರೆ ಬಂಡೆಯ ಮುಂದೆ ಹೋಗಿ ನಿಲ್ಲುತ್ತಾರೆ. ಆವೃತ್ತಿಯ ವರ್ಷ ಬರೆಯಲು ನಾಲ್ಕು ಅಂಕಿ ಸಾಕು. ಅದನ್ನು ಬಿಡುವುದು ಓದುಗರ ದಿನಗಳನ್ನು ಕದ್ದ ಹಾಗೆ ಎಂದೇ ನಾನು ಹೇಳುತ್ತೇನೆ.

ರೈಸ್ ಅವರ 7ನೆಯ ಸಂಪುಟ ಸಿಕ್ಕಿತು. ತಾಳಗುಂದದ ಕಂಬವನ್ನು ಆಮೇಲೆ ಎಫ್. ಕೀಲ್‌ಹಾರ್ನ್ ಎಪಿಗ್ರಾಫಿಯಾ ಇಂಡಿಕಾದ 8ನೆಯ ಸಂಪುಟದಲ್ಲಿ ಮತ್ತೆ ಸಂಪಾದಿಸಿದ್ದಾರೆ. ಎರಡನ್ನೂ ಪಕ್ಕ ಪಕ್ಕ ಇಟ್ಟುಕೊಂಡು ಓದಿದೆ. ಕಂಚಿಗೆ ಓದಲು ಹೋದ ಮಯೂರಶರ್ಮ, ಅಲ್ಲಿ ಆದ ಅವಮಾನ, ದರ್ಭೆ ಹಿಡಿಯುವ ಕೈ ಕತ್ತಿ ಹಿಡಿದ ಬಗೆ, ಕೊನೆಗೆ ಕಾಕುಸ್ಥ ಕಟ್ಟಿಸಿದ ಕೆರೆ. ಅವನ ಮಗ ಶಾಂತಿವರ್ಮನ ಅಪ್ಪಣೆಯಂತೆ ಕುಬ್ಜನೆಂಬ ಕವಿ ಈ ಶಾಸನವನ್ನು ರಚಿಸಿದ. ಚೆಂದದ ಕಾವ್ಯ, ಆದರೆ ಅಲ್ಲೂ ವರ್ಷವಿಲ್ಲ!

ಕಾಕುಸ್ಥನ ವಿಷಯದಲ್ಲಿ ಒಂದು ಅಂಕಿ ಇರುವುದು ಖಾನಾಪುರ ತಾಲ್ಲೂಕಿನ ಹಲಸಿಯ ತಾಮ್ರಪಟದಲ್ಲಿ. ಜೆ.ಎಫ್. ಫ್ಲೀಟ್ ಇದನ್ನು 1877ರ ಇಂಡಿಯನ್ ಆಂಟಿಕ್ವರಿಯ 6ನೆಯ ಸಂಪುಟದಲ್ಲಿ ಪ್ರಕಟಿಸಿದರು. ಕಾಕುಸ್ಥವರ್ಮ ಇನ್ನೂ ಯುವರಾಜನಾಗಿದ್ದಾಗ ಸೇನಾಪತಿ ಶ್ರುತಕೀರ್ತಿಗೆ ಕೊಟ್ಟ ದಾನಪತ್ರ ಅದು. ಕಾಲ: ವಿಜಯದ 80ನೆಯ ವರ್ಷ. ಯುವರಾಜನಾಗಿದ್ದವನಿಗೆ ತನ್ನದೇ 80ನೆಯ ವರ್ಷ ಇರಲು ಸಾಧ್ಯವಿಲ್ಲ. ಹಾಗಾದರೆ ಎಣಿಕೆ ಎಲ್ಲಿಂದ? ಮಯೂರಶರ್ಮನ ಪಟ್ಟದಿಂದ ಎಂದು ಕೆಲವರು, ಗುಪ್ತ ಶಕೆಯೆಂದು ಕೆಲವರು. ಗುಪ್ತ ಶಕೆಯಾದರೆ ಸುಮಾರು ಕ್ರಿ.ಶ. 400 ಆಗುತ್ತದೆ. ಮಯೂರನ ಪಟ್ಟದಿಂದಾದರೆ ಅವನು ಯಾವಾಗ ಪಟ್ಟವೇರಿದ ಎಂಬ ಇನ್ನೊಂದು ಊಹೆ ಬೇಕು. ಹೀಗಾಗಿ ಕಾಕುಸ್ಥನ ಆಳ್ವಿಕೆಯ ವರ್ಷಗಳು ಒಂದೊಂದು ಪುಸ್ತಕದಲ್ಲಿ ಒಂದೊಂದು ತರ.

ಇನ್ನೂ ಮೂಲದ ಪ್ರಶ್ನೆಯೊಂದಿದೆ. ಹಲ್ಮಿಡಿಯ ಕಾಕುಸ್ಥ ಭಟ್ಟೋರ ಆ ಕಾಕುಸ್ಥವರ್ಮನೇ ಹೌದೇ? ಶಾಸನತಜ್ಞ ಜಿ.ಎಸ್. ಗಾಯಿ ಅವರಿಗೆ ಇದು ಒಪ್ಪಿಗೆಯಾಗಲಿಲ್ಲ. ಆದಿ ಕದಂಬರ ಶಾಸನಗಳಲ್ಲಿ ತಪ್ಪದೆ ಬರುವ ಮಾನವ್ಯಸಗೋತ್ರ, ಹಾರೀತೀಪುತ್ರ, ಧರ್ಮಮಹಾರಾಜ ಮುಂತಾದ ಬಿರುದುಗಳು ಇಲ್ಲಿಲ್ಲ, ಹೆಸರೂ 'ಕಾಕುಸ್ಥವರ್ಮ' ಎಂದಿಲ್ಲ ಎಂಬುದು ಅವರ ವಾದ. ಇನ್ನೊಂದು ಕಡೆ ಕೆ.ವಿ. ರಮೇಶ್, ಇಲ್ಲಿನ ಅಕ್ಷರ ಇನ್ನೂ ಪಳಗಿಲ್ಲ, ಅದರಿಂದಾಗಿ ನುರಿತ ಕಣ್ಣಿಗೂ ಇದು ನಿಜವಾದ ಕಾಲಕ್ಕಿಂತ ಈಚಿನದೆಂಬ ಭ್ರಮೆ ಹುಟ್ಟುತ್ತದೆ, ಆದರೆ ಇದು ಐದನೆಯ ಶತಮಾನದ್ದೇ ಎಂದರು. ಇಬ್ಬರೂ ಶಾಸನಗಳ ನಡುವೆಯೇ ಬದುಕಿದವರು. ಇವರನ್ನು ಓದಿದ ಮೇಲೆ 450ರ ಮೇಲಿನ ನನ್ನ ಪ್ರೀತಿ ಕಡಿಮೆಯಾಗಲಿಲ್ಲ. ಅಂಕಿಯನ್ನು ನಂಬುವ ಬದಲು ಅದರ ಹಿಂದಿನ ದುಡಿಮೆಯನ್ನು ನಂಬುವ ಹಾಗಾಯಿತು. ಇದರ ನಡುವೆ ಯಾರಾದರೂ "ಎಲ್ಲ ಬರೀ ಊಹೆ ಬಿಡಿ" ಎಂದರೆ ಸಿಟ್ಟು ಬರುತ್ತದೆ. ಊಹೆಗಳಲ್ಲಿ ಆಧಾರ ತೋರಿಸುವ ಊಹೆ ಇದೆ, ತೋರಿಸದ ಊಹೆ ಇದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಈ ಹುಡುಕಾಟ ಮುಗಿಯುವ ಮೊದಲೇ ಸಂಚಿಕೆ ಅಚ್ಚಿಗೆ ಹೋಗಬೇಕಿತ್ತು. ಮೊದಲ ವಾಕ್ಯ ಬದಲಿಸಿ ಕಳಿಸಿದೆ: "ಹಲ್ಮಿಡಿ ಶಾಸನದಲ್ಲಿ ಕಾಲ ನಮೂದಾಗಿಲ್ಲ. ಲಿಪಿಯನ್ನೂ ಅದರಲ್ಲಿ ಬರುವ ಕಾಕುಸ್ಥನ ಹೆಸರನ್ನೂ ಆಧರಿಸಿ ವಿದ್ವಾಂಸರು ಇದನ್ನು ಸುಮಾರು ಕ್ರಿ.ಶ. 450ರದ್ದೆಂದು ಎಣಿಸುತ್ತಾರೆ." ಸಂಘದ ಕಾರ್ಯದರ್ಶಿಗಳು, "ಮೊದಲಿನದೇ ಜೋರಾಗಿತ್ತಲ್ಲ ಮೇಡಂ" ಎಂದರು. ಇದೇ ಇರಲಿ ಎಂದು ಹಟ ಮಾಡಿ ಉಳಿಸಿಕೊಂಡೆ.

'ಮೊಟ್ಟಮೊದಲ' ಎಂಬುದನ್ನೂ ತೆಗೆದಿದ್ದೆ. ತಾಳಗುಂದದ ಪ್ರಣವೇಶ್ವರ ಗುಡಿಯ ಆವರಣದಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ಉತ್ಖನನ ನಡೆಸಿದಾಗ ಸಿಂಹಕಟಾಂಜನದ (ಸಿಂಹ ಕೆತ್ತಿದ ಕಲ್ಲಿನ ಕಟಕಟೆಯ) ಮೇಲೆ ಸಂಸ್ಕೃತ ಕನ್ನಡ ಎರಡೂ ಇರುವ ಶಾಸನ ಸಿಕ್ಕಿತು. ಪತ್ರಿಕೆಗಳಲ್ಲಿ ಅದರ ಕಾಲ 370 ಎಂದು ಬಂತು. ಈಗ 450ರ ಬದಲು 370 ಬಾಯಿಪಾಠ ಮಾಡುವವರೂ ಇದ್ದಾರೆ. ಸಂಚಿಕೆ ಕೈಗೆ ಸಿಕ್ಕ ದಿನ ಮೇಷ್ಟ್ರು ಫೋನ್ ಮಾಡಿದರು. ಪುಟ ಚೆನ್ನಾಗಿದೆ ಎಂದರು. ಸ್ವಲ್ಪ ಹೊತ್ತು ಬಿಟ್ಟು, "370 ಅಂತಾರಲ್ಲ, ಅದನ್ನೂ ಪೇಪರಲ್ಲಿ ಓದಿದ್ದೇ ಅಲ್ಲವೇನಮ್ಮ?" ಎಂದರು.

"ಹೌದು ಸರ್."

"ಹೋಗಿ ನೋಡ್ಕೊಂಡು ಬಾ."

ಡಿಸೆಂಬರಿನಲ್ಲಿ ಹೋದೆ. ಶಿರಾಳಕೊಪ್ಪದಲ್ಲಿ ಬಸ್ಸಿಳಿದು ಆಟೋ ಹಿಡಿದೆ. ಗುಡಿಯ ಮುಂದೆ ಕಂಬ ನಿಂತಿದೆ, ಎಂಟು ಮುಖದ್ದು. ನನ್ನ ಹತ್ತಿರ ಕೀಲ್‌ಹಾರ್ನ್ ಪಾಠದ ಜೆರಾಕ್ಸ್ ಇತ್ತು, ಆ ಕಾಲದ ಅಕ್ಷರಗಳ ಒಂದು ಚಾರ್ಟ್ ಇತ್ತು. ಪುಸ್ತಕದಲ್ಲಿ ಸಾಲುಗಳು ಎಡದಿಂದ ಬಲಕ್ಕೆ ಮಲಗಿರುತ್ತವೆ. ಕಂಬದ ಮೇಲೆ ಅವು ನಿಂತಿವೆ, ಕೆಳಗಿನಿಂದ ಮೇಲಕ್ಕೆ ಏರುತ್ತವೆ. ಓದಬೇಕಾದರೆ ಮೊದಲು ಕುಕ್ಕರಗಾಲಿನಲ್ಲಿ ಕೂತು, ಕತ್ತು ವಾಲಿಸಿ, ಆಮೇಲೆ ಸಾಲಿನ ಜೊತೆಗೇ ಏಳಬೇಕು. ಇಷ್ಟು ತಿಂಗಳು ಪುಸ್ತಕ ನೋಡಿದ್ದರೂ ನನ್ನ ಕಣ್ಣಿಗೆ ಇದು ಬಿದ್ದಿರಲಿಲ್ಲ.

ಬಿಸಿಲು ಓರೆಯಾದಾಗ ಅಕ್ಷರ ಚೆನ್ನಾಗಿ ಕಾಣುತ್ತದೆ ಎಂದು ಅಲ್ಲಿನ ಕಾವಲಿನವರು ಹೇಳಿದರು. ನಾಲ್ಕು ಗಂಟೆಯವರೆಗೆ ಕಾದೆ. ನೆರಳು ಗೆರೆಗಳೊಳಗೆ ತುಂಬಿಕೊಂಡಿತು. ನಾನು ಹುಡುಕುತ್ತಿದ್ದುದು ಕೊನೆಯ ಭಾಗದಲ್ಲಿ ಬರುವ ಒಂದು ಮಾತು: "ಕುಬ್ಜಸ್ಸ್ವಕಾವ್ಯಮಿದಮಶ್ಮತಲೇ ಲಿಲೇಖ." ಕುಬ್ಜನು ತನ್ನ ಈ ಕಾವ್ಯವನ್ನು ಕಲ್ಲಿನ ಮೇಲೆ ತಾನೇ ಬರೆದನು. ನಡುವೆ ನಕಲುಗಾರ ಇಲ್ಲ, ಅಚ್ಚಿನ ಮನೆ ಇಲ್ಲ, ಅಡಿಟಿಪ್ಪಣಿ ಇಲ್ಲ. ಚಾರ್ಟ್ ಹಿಡಿದು ಒಂದೊಂದೇ ಅಕ್ಷರ ಹೊಂದಿಸುತ್ತ ಹೋದೆ. 'ಕು' ಸಿಕ್ಕಿತು. ಅದರ ಪಕ್ಕದ ಒತ್ತಕ್ಷರ 'ಬ್ಜ' ಹೌದೋ ಅಲ್ಲವೋ ಎಂದು ಜೆರಾಕ್ಸ್ ನೋಡಿದೆ, ಕಂಬ ನೋಡಿದೆ, ಮತ್ತೆ ಜೆರಾಕ್ಸ್ ನೋಡಿದೆ. ಸಾಲು ಎಣಿಸಿದೆ. ಹೌದು, ಅದೇ.

ಸಿಂಹಕಟಾಂಜನದ ಕಡೆ ಹೋಗುವಷ್ಟರಲ್ಲಿ ಬೆಳಕು ಇಳಿದಿತ್ತು. ಅದನ್ನು ಬೆಳಗ್ಗೆ ನೋಡೋಣ ಎಂದು ಶಿರಾಳಕೊಪ್ಪದಲ್ಲೇ ರೂಮು ಮಾಡಿ ಉಳಿದುಕೊಂಡೆ.